ಬೇಸಿಗೆಗೆ ಮುಂಚೆ ಸೂರಿಗೆ ಸುಣ್ಣ



ಶಿವರಾತ್ರಿ ಕಳೆಯಿತೆಂದರೆ ಬಿಸಿಲು ಏರತೊಡಗುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರಿಗಂತೂ ಇದನ್ನು ಹೇಳಬೇಕಾದ್ದೇ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಉಷ್ಣಮಾನ 40 ಡಿಗ್ರಿ ದಾಟುವುದು ವಾಡಿಕೆ. ಹೊಲದಲ್ಲಿ ಬೆವರು ಸುರಿಸಿ ಬಂದವರು ಮನೆಯೊಳಗೆ ತಂಪು ಹುಡುಕಿದರೆ ಅಲ್ಲಿಯೂ ಕುಲುಮೆಯ ಕಾವು! ರಾತ್ರಿ ಹತ್ತಾದರೂ ತಾರಸಿ ತಣಿಯುವುದಿಲ್ಲ. ಕೂಸು ಮಲಗದು, ಮುದುಕರಿಗೆ ಉಸಿರುಗಟ್ಟಿದ ಹಾಗಾಗುತ್ತದೆ. “ಬೇಸಿಗೆ ಅಂದ ಮೇಲೆ ಸೆಖೆ ಇದ್ದದ್ದೇ, ಏನು ಮಾಡೋಕಾಗುತ್ತೆ?” ಅಂತೀರಾ? ಬಿಸಿಲನ್ನು ತಡೆಯಲಾಗದು, ನಿಜ. ಆದರೆ ಅದರ ಶಾಖ ಮನೆಯೊಳಕ್ಕೆ ಇಳಿಯುವುದನ್ನು ಕಡಿಮೆ ಮಾಡಬಹುದು. ಅದಕ್ಕೆ ಬೇಕಾದ ವಸ್ತು ನಿಮಗೆ ಹೊಸದೇನಲ್ಲ. ಹಬ್ಬಕ್ಕೆ ಗೋಡೆಗೆ ಬಳಿಯುವ ಸುಣ್ಣವೇ!

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಒಂದೇ ಬಗೆಯ ಎರಡು ಹೆಂಚಿನ ಚೂರು ತೆಗೆದುಕೊಳ್ಳಿ. ಒಂದಕ್ಕೆ ಸುಣ್ಣ ಬಳಿದು ಒಣಗಿಸಿ. ಎರಡನ್ನೂ ಬೆಳಿಗ್ಗೆ ಬಿಸಿಲಿಗೆ ಇಟ್ಟು ಮಧ್ಯಾಹ್ನ ಮುಟ್ಟಿ ನೋಡಿ. ವ್ಯತ್ಯಾಸವನ್ನು ಕೈಯೇ ಹೇಳುತ್ತದೆ. ಬಿಳಿಯ ಬಣ್ಣ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಬಹುಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಕಪ್ಪು ಬಣ್ಣ ಅದನ್ನು ಹೀರಿಕೊಂಡು ಕಾಯುತ್ತದೆ. ನಮ್ಮ ಹಿರಿಯರು ಬಿಸಿಲಲ್ಲಿ ಬಿಳಿಯ ರುಮಾಲು ಸುತ್ತಿದ್ದೂ, ಚಳಿಗೆ ಕರಿಯ ಕಂಬಳಿ ಹೊದ್ದದ್ದೂ ಸುಮ್ಮನೆ ಅಲ್ಲ.

ಸೂರಿನ ವಿಷಯವೂ ಹೀಗೆಯೇ. ಕಪ್ಪುಗಟ್ಟಿದ ತಾರಸಿ ಕಡು ಬೇಸಿಗೆಯಲ್ಲಿ 60 ಡಿಗ್ರಿಯವರೆಗೂ ಕಾಯಬಲ್ಲದು. ಹಗಲೆಲ್ಲ ಕುಡಿದ ಆ ಕಾವನ್ನು ಅದು ರಾತ್ರಿ ಮನೆಯೊಳಕ್ಕೆ ಬಿಡುತ್ತದೆ. “ತಗಡು ಹೊಳೆಯುತ್ತದಲ್ಲ, ಅದೇಕೆ ಕಾಯುತ್ತದೆ?” ಎಂದು ಕೇಳಬಹುದು. ತಗಡು ಬಿಸಿಲನ್ನು ಸ್ವಲ್ಪ ಹಿಂದಕ್ಕೆ ಎಸೆದರೂ, ಒಮ್ಮೆ ಹೀರಿದ ಶಾಖವನ್ನು ಆಕಾಶಕ್ಕೆ ಬೇಗ ಬಿಟ್ಟುಕೊಡುವುದಿಲ್ಲ. ಮೇಲಾಗಿ ಅದು ತೆಳು. ಕಾವು ನೇರ ತಲೆಯ ಮೇಲೆಯೇ ಇಳಿಯುತ್ತದೆ. ಬಿಳಿ ಲೇಪವಾದರೋ ಬಿಸಿಲನ್ನೂ ಎಸೆಯುತ್ತದೆ, ಹೀರಿದ ಅಲ್ಪ ಶಾಖವನ್ನೂ ಬೇಗ ಬಿಡುತ್ತದೆ.

ಇದರಿಂದ ಮನೆಯೊಳಗೆ ಸಾಮಾನ್ಯವಾಗಿ 2ರಿಂದ 5 ಡಿಗ್ರಿ ತಂಪಾಗುತ್ತದೆ. ಇಷ್ಟೇನಾ ಅನ್ನಬೇಡಿ. ಹಸುಗೂಸಿಗೆ, ಬಾಣಂತಿಗೆ, ಮುಪ್ಪಿನವರಿಗೆ ಅದು ದೊಡ್ಡ ಅಂತರ. ಗುಜರಾತಿನ ಅಹಮದಾಬಾದಿನಲ್ಲಿ 2010ರ ಮೇ ತಿಂಗಳಲ್ಲಿ ಉಷ್ಣಮಾನ 46 ಡಿಗ್ರಿ ದಾಟಿತು. ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,300ಕ್ಕೂ ಹೆಚ್ಚು ಮಂದಿ ಅಧಿಕವಾಗಿ ಸತ್ತರೆಂದು ತಜ್ಞರು ಲೆಕ್ಕ ಹಾಕಿದರು. ಆ ಊರು ಎಚ್ಚೆತ್ತು 2013ರಲ್ಲಿ ಬಿಸಿಲಿನ ವಿರುದ್ಧ ಯೋಜನೆ ಹಾಕಿತು. ಮುಂದೆ 2017ರಲ್ಲಿ ಬಡವರ ಮನೆಗಳ ಸೂರಿಗೆ ಬಿಳಿ ಬಳಿಯುವ ಕೆಲಸವನ್ನೂ ಹಿಡಿಯಿತು. ನಮ್ಮ ನೆರೆಯ ತೆಲಂಗಾಣ 2023ರಲ್ಲಿ ತಂಪು ಸೂರಿಗಾಗಿ ಒಂದು ನೀತಿಯನ್ನೇ ಹೊರಡಿಸಿತು.

ಈಗ ಮಾಡುವ ಕ್ರಮ ಕೇಳಿ. ಮೊದಲು ತಾರಸಿಯನ್ನು ಗುಡಿಸಿ, ಪಾಚಿ ಉಜ್ಜಿ, ತೊಳೆದು ಒಣಗಿಸಿ. ಬಿರುಕಿದ್ದರೆ ಮುಚ್ಚಿ, ಸುಣ್ಣ ಸೋರುವಿಕೆಯನ್ನು ನಿಲ್ಲಿಸದು. ಹೊಸದಾಗಿ ಸುಟ್ಟ ಸುಣ್ಣದ ಕಲ್ಲು ಒಂದು ಕಿಲೋಗೆ ಐದು ಲೀಟರು ನೀರಿನ ಲೆಕ್ಕ. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು ಹಾಕಿ, ಆಮೇಲೆ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಬಿಡಿ. ಉದ್ದ ಕೋಲಿನಿಂದ ಕದಡಿ ಒಂದು ದಿನ ಬಿಡಿ. ಮರುದಿನ ದಪ್ಪ ಬಟ್ಟೆಯಲ್ಲಿ ಸೋಸಿ. ಹತ್ತು ಲೀಟರು ಸುಣ್ಣದ ತಿಳಿಗೆ ಸುಮಾರು 40 ಗ್ರಾಂ ಗೋಂದನ್ನು ಬಿಸಿನೀರಲ್ಲಿ ಕರಗಿಸಿ ಸೇರಿಸಿದರೆ ಚೆನ್ನಾಗಿ ಹಿಡಿಯುತ್ತದೆ. ಗೋಡೆಗೆ ಹಾಕುವ ಹಾಗೆ ನೀಲಿ ಹಾಕಬೇಡಿ. ಇಲ್ಲಿ ಅಂದಕ್ಕಿಂತ ಅಚ್ಚ ಬಿಳುಪೇ ಮುಖ್ಯ. ಬಿಸಿಲಿಳಿದ ಮೇಲೆ ಬಳಿಯಿರಿ. ಒಂದು ಕೈ ಉದ್ದಕ್ಕೆ ಬಳಿದು, ಒಣಗಿದ ಮೇಲೆ ಇನ್ನೊಂದು ಕೈ ಅಡ್ಡಕ್ಕೆ, ಮತ್ತೆ ಮೂರನೆಯದು.

ಇಲ್ಲೊಂದು ಮಾತು ಮರೆಯಬೇಡಿ. ಸುಣ್ಣದ ಕಲ್ಲು ನೀರಿಗೆ ಬಿದ್ದೊಡನೆ ಕೊತಕೊತ ಕುದಿಯುತ್ತದೆ. ಮಕ್ಕಳನ್ನು ಹತ್ತಿರ ಬಿಡಬೇಡಿ. ಪ್ಲಾಸ್ಟಿಕ್ ಬಕೆಟ್ ಬೇಡ. ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು. ಕನ್ನಡಕ ಹಾಕಿಕೊಳ್ಳಿ, ಹಾಗೂ ಸಿಡಿದರೆ ಧಾರಾಳ ನೀರಿನಿಂದ ಬಹಳ ಹೊತ್ತು ತೊಳೆದು, ಕೂಡಲೇ ವೈದ್ಯರ ಬಳಿಗೆ ಹೋಗಿ.

ತಗಡಿಗೆ ಸುಣ್ಣ ನಿಲ್ಲದು. ಬೇಗ ಸಿಪ್ಪೆ ಏಳುತ್ತದೆ. ತಗಡಿನ ಮನೆಯವರು ಅಂಗಡಿಯಲ್ಲಿ ಕೇಳಿ, ತಗಡಿಗೆಂದೇ ಇರುವ, ಬಿಸಿಲು ಮಳೆಗೆ ತಡೆಯುವ ಬಿಳಿಯ ಬಣ್ಣ ಕೊಳ್ಳಿ. ಖರ್ಚು ಹೆಚ್ಚಾದರೂ ಹೆಚ್ಚು ವರ್ಷ ಬಾಳುತ್ತದೆ. ಹಳೆಯ ಕಲ್ನಾರು ಶೀಟನ್ನು ಮಾತ್ರ ಒಣಗಿದ್ದಾಗ ಉಜ್ಜಬೇಡಿ, ಅದರ ಧೂಳು ಪುಪ್ಪುಸಕ್ಕೆ ಕೇಡು. ತಗಡಾಗಲಿ ಶೀಟಾಗಲಿ, ಅದರ ಮೇಲೆ ನೇರ ಕಾಲಿಡಬೇಡಿ, ಹಲಗೆ ಹಾಕಿಕೊಳ್ಳಿ. ಇನ್ನು ಮಣ್ಣಿನ ಮಾಳಿಗೆಯುಳ್ಳವರೇ, ನಿಮ್ಮ ಸೂರು ತಾನೇ ತಂಪು. ದಪ್ಪ ಮಣ್ಣಿನಲ್ಲಿ ಶಾಖ ಬೇಗ ಇಳಿಯದು. ಅದನ್ನು ಕಿತ್ತು ತಗಡು ಹಾಕುವ ಮೊದಲು ಎರಡು ಬಾರಿ ಯೋಚಿಸಿ.

ಮನೆಯಷ್ಟೇ ಅಲ್ಲ, ಕೊಟ್ಟಿಗೆಯನ್ನೂ ಮರೆಯಬೇಡಿ. ಮಿಶ್ರತಳಿಯ ಹಸು ಸೆಖೆಯನ್ನು ತಾಳದು. ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ. ಕಡು ಸೆಖೆಗೆ ಕೋಳಿಗಳು ಸತ್ತೇ ಹೋಗುತ್ತವೆ. ಆ ಸೂರುಗಳೂ ಬಿಳಿಯಾಗಲಿ. ಹಾಗೆಂದು ಕುಡಿಯುವ ನೀರು, ಮರದ ನೆರಳು, ಗಾಳಿಯಾಟ ಬಿಟ್ಟರೆ ನಡೆಯದು. ಸುಣ್ಣ ಅವಕ್ಕೆ ಜೊತೆಗಾರ, ಬದಲಿಯಲ್ಲ.

ಸುಣ್ಣ ಒಂದೆರಡು ಮಳೆಗಾಲದಲ್ಲಿ ಕರಗುತ್ತದೆ, ಧೂಳಿಗೆ ಮಂಕಾಗುತ್ತದೆ. ಆದುದರಿಂದ ವರ್ಷಕ್ಕೊಮ್ಮೆ ಬಳಿಯುವುದನ್ನು ಪದ್ಧತಿ ಮಾಡಿಕೊಳ್ಳಿ. ಸೂರಿನ ಮಳೆನೀರು ಹಿಡಿಯುವವರು ಮೊದಲ ಮಳೆಯ ನೀರನ್ನು ಹೊರಗೆ ಬಿಡಿ.

ಯುಗಾದಿಗೆ ಗೋಡೆಗೆ ಸುಣ್ಣ ಬಳಿಯುವುದು ನಮ್ಮ ಸಂಪ್ರದಾಯ. ಈ ಸಲ ಏಣಿ ಇಟ್ಟು ಇನ್ನೊಂದಿಷ್ಟು ಮೇಲಕ್ಕೆ ಹತ್ತಿ. ಗೋಡೆಯ ಸುಣ್ಣ ಬಂದ ನೆಂಟರ ಕಣ್ಣಿಗೆ ಕಂಡೀತು. ಸೂರಿನ ಸುಣ್ಣ ಯಾರ ಕಣ್ಣಿಗೂ ಬೀಳದು. ಆದರೆ ತೊಟ್ಟಿಲ ಕೂಸು ನೆಮ್ಮದಿಯಾಗಿ ನಿದ್ದೆ ಹೋದಾಗ ಅದರ ಬೆಲೆ ತಾಯಿಗೆ ತಿಳಿಯುತ್ತದೆ.