ಮೊದಲ ಸೆಮಿಸ್ಟರ್‌ಗೆ ಯಾವ ವಿಷಯ?

ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ.ಗೆ ಹೊಸದಾಗಿ ಸೇರಿದವರನ್ನು ಚೀನಾ, ಯುದ್ಧ, ಭದ್ರತೆ ಎಂಬ ಹೆಸರುಗಳು ಬೇಗ ಸೆಳೆಯುತ್ತವೆ. ನನ್ನ ಸಲಹೆ ಬೇರೆ: ಮೊದಲು ಅರ್ಥಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಕಾನೂನು ಹಿಡಿಯಿರಿ. ಯಾಕೆ ಅನ್ನುವುದಕ್ಕೆ ಕೊಣ್ಣೂರು, ನರಗುಂದ ಸೀಮೆಯ ಉಳ್ಳಾಗಡ್ಡಿಯೇ ಸಾಕ್ಷಿ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಉಳ್ಳಾಗಡ್ಡಿ ರಫ್ತು ನಿಷೇಧಿಸಿತು. 2024ರ ಮೇ 4ರಂದು ನಿಷೇಧ ತೆಗೆದಾಗಲೂ ಟನ್ನಿಗೆ 550 ಡಾಲರ್ ಕನಿಷ್ಠ ರಫ್ತು ಬೆಲೆ, ಶೇ 40 ಸುಂಕ ಇಟ್ಟಿತು. ಅಂದರೆ ಅಂದಿನ ದರದಲ್ಲಿ ಕಿಲೋಗೆ ಸುಮಾರು 46 ರೂಪಾಯಿಗಿಂತ ಕಡಿಮೆಗೆ ಹೊರದೇಶಕ್ಕೆ ಮಾರುವಂತಿರಲಿಲ್ಲ. ಈ ಹೊರೆ ಇಲ್ಲಿನ ರೈತರಿಗೆಷ್ಟು, ಅದನ್ನು ಕೊಳ್ಳುವ ಢಾಕಾದ ಗ್ರಾಹಕರಿಗೆಷ್ಟು ಎಂದು ಅಳೆಯಲು ಅರ್ಥಶಾಸ್ತ್ರ ಬೇಕು. ನಿಷೇಧ ನಿಯಮಬದ್ಧವೇ ಎನ್ನಲು ಅಂತರರಾಷ್ಟ್ರೀಯ ವ್ಯಾಪಾರದ ಗ್ಯಾಟ್ ಒಪ್ಪಂದದ 11ನೇ ವಿಧಿ ಓದಬೇಕು. ಆಹಾರದ ತೀವ್ರ ಕೊರತೆ ತಡೆಯಲು ತಾತ್ಕಾಲಿಕ ನಿರ್ಬಂಧಕ್ಕೆ ಅದು ಅವಕಾಶ ಕೊಡುತ್ತದೆ. ಕೊರತೆ ಎಷ್ಟು, ತಡೆ ಎಷ್ಟು ದಿನ ಎಂಬುದರ ಮೇಲೆ ವಾದ ನಿಲ್ಲುತ್ತದೆ.

ಆಸಕ್ತಿಯ ವಿಷಯ ಬಿಟ್ಟರೆ ಓದೇ ಬೇಸರವಾಗುತ್ತದೆ ಎನ್ನುವವರಿದ್ದಾರೆ. ಮಾತು ನಿಜ, ಅದಕ್ಕೇ ಅಂಥದ್ದೊಂದು ಜೊತೆಗಿರಲಿ. ಆದರೆ ಯುದ್ಧದ ಸುದ್ದಿ ಪತ್ರಿಕೆಯಲ್ಲೂ ಸಿಗುತ್ತದೆ. ಸುಂಕದ ಲೆಕ್ಕ, ಒಪ್ಪಂದದ ಓದು ಗುರುಗಳ ಎದುರು ಕೂತು ಕಲಿತರೇ ಗಟ್ಟಿ. ಗಣಿತ ಬಿಟ್ಟು ವರ್ಷಗಳಾದವು ಎಂಬ ಅಳುಕಿದ್ದವರಂತೂ ಮುಂದೂಡಲೇಬಾರದು. ಕೊನೆಯ ವರ್ಷದ ಸಂಶೋಧನಾ ಪ್ರಬಂಧಕ್ಕೆ ಇವೇ ಬೇಕಾಗುತ್ತವೆ, ಆಗ ಬುಡದಿಂದ ಕಲಿಯಲು ಪುರುಸೊತ್ತು ಇರುವುದಿಲ್ಲ. ಫಾರ್ಮ್ ತುಂಬುವ ಮುನ್ನ ಪಠ್ಯಕ್ರಮ ಓದಿ, ಸೀನಿಯರ್‌ಗಳನ್ನು ಕೇಳಿ, ಕಷ್ಟದ ಈ ಎರಡನ್ನೂ ಮೊದಲೇ ಆರಿಸಿಕೊಳ್ಳಿ.