ಅಂಬಾಸಿಡರ್‌ಗೆ ಪವರ್ ಸ್ಟೀರಿಂಗ್

ಓಡುತ್ತಿರುವ ಅಂಬಾಸಿಡರ್‌ನ ಸ್ಟೀರಿಂಗ್ ಹಗುರ, ನಿಂತ ಅಂಬಾಸಿಡರ್‌ನದು ಭಾರ. ಹೊಸೂರಿನಿಂದ ರಾಯಕೋಟೆಗೆ ಇಳಿಯುವ ಹೆದ್ದಾರಿಯಲ್ಲಿ ಅರವತ್ತರ ವೇಗದಲ್ಲಿ ಹೋಗುವಾಗ ಸ್ಟೀರಿಂಗ್ ಮೇಲೆ ಕೈ ಇಟ್ಟಿದ್ದರೆ ಸಾಕು. ಅದೇ ಕಾರನ್ನು ರಾಯಕೋಟೆಯ ಟೊಮೆಟೊ ಮಂಡಿಯ ಮುಂದೆ, ಲಾರಿ ಟೆಂಪೊಗಳ ಸಂದಿಯಲ್ಲಿ ರಿವರ್ಸ್ ತೆಗೆಯಬೇಕೆಂದರೆ ಎರಡೂ ರಟ್ಟೆಗೆ ಕೆಲಸ ಬೀಳುತ್ತದೆ. ಗಾಲಿ ಉರುಳುತ್ತಿದ್ದರೆ ಟೈರ್ ಸುಲಭವಾಗಿ ದಿಕ್ಕು ಬದಲಿಸುತ್ತದೆ. ನಿಂತಲ್ಲೇ ತಿರುಗಿಸಿದರೆ, ಎಂಜಿನ್ನಿನ ಭಾರ ಹೊತ್ತ ರಬ್ಬರು ನೆಲಕ್ಕೆ ಉಜ್ಜಿಕೊಂಡೇ ತಿರುಗಬೇಕು. ಹಳೇ ಕಾರುಗಳಿಗೆ ಪವರ್ ಸ್ಟೀರಿಂಗ್ ಹಾಕಿಸುವವರ ತಕರಾರೆಲ್ಲ ಈ ಉಜ್ಜಾಟದ್ದೇ.

ಸ್ಟೀರಿಂಗ್ ಬಿಗಿಯಾಗಿದ್ದರೆ ಮೊದಲು ನೋಡಬೇಕಾದ್ದು ಪವರ್ ಸ್ಟೀರಿಂಗಿನ ಬೆಲೆಯನ್ನಲ್ಲ, ಗ್ರೀಸ್ ನಿಪ್ಪಲ್‌ಗಳನ್ನು. ಅಂಬಾಸಿಡರ್‌ನ ಮುಂಭಾಗದ ಕೀಲುಗಳು ಗ್ರೀಸನ್ನೇ ನಂಬಿ ಬದುಕುವಂಥವು. ಅವು ಒಣಗಿದರೆ, ರ್‍ಯಾಕಿನ ರಬ್ಬರ್ ಬೂಟು ಹರಿದು ಒಳಗೆ ಮಣ್ಣು ಸೇರಿದರೆ, ಟೈರಿನಲ್ಲಿ ಗಾಳಿ ಕಮ್ಮಿಯಿದ್ದರೆ ಯಾವ ಕಾರೂ ಭಾರವೇ. ಟೈರಿನ ಪಾತ್ರವೂ ಸಣ್ಣದಲ್ಲ. ಈ ಕಾರು ಹುಟ್ಟಿದ್ದು 5.90–15 ಅಳತೆಯ ನೈಲಾನ್ ಟೈರಿಗೆ. ಈಗ ಅಗಲದ ರೇಡಿಯಲ್ ಹಾಕಿಸುತ್ತಾರೆ. ನೆಲ ಹಿಡಿತ ಚೆನ್ನಾಗುತ್ತದೆ, ಪಾರ್ಕಿಂಗ್ ಕಷ್ಟವಾಗುತ್ತದೆ. ಸವೆದ ಬಾಲ್ ಜಾಯಿಂಟು, ಟೈ ರಾಡ್‌ಗಳನ್ನು ಬದಲಿಸಿ, ಅಲೈನ್‌ಮೆಂಟ್ ಮಾಡಿಸಿ ನೋಡಿದ ಮೇಲೆ ಎಷ್ಟೋ ಮಂದಿ ಪವರ್ ಸ್ಟೀರಿಂಗಿನ ಯೋಚನೆಯನ್ನೇ ಬಿಡುತ್ತಾರೆ. ಬಿಡದವರಿಗೂ ಆ ಖರ್ಚು ತಪ್ಪಿದ್ದಲ್ಲ. ಸವೆದ ಕೀಲುಗಳ ಮೇಲೆ ಮೋಟಾರಿನ ಬಲ ಹೇರಿದರೆ ಕಾರು ಹಗುರವಾಗಿ ಅಡ್ಡಾದಿಡ್ಡಿ ಓಡುತ್ತದೆ, ಅಷ್ಟೇ.

ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ಅಚ್ಚಿನಿಂದ ಬಂದ ಅಂಬಾಸಿಡರ್‌ಗೆ ರ್‍ಯಾಕ್ ಅಂಡ್ ಪಿನಿಯನ್ ಸ್ಟೀರಿಂಗ್. ಹಲ್ಲಿನ ಸರಳೊಂದರ ಮೇಲೆ ಸಣ್ಣ ಗೇರ್ ಉರುಳಿ ಗಾಲಿಗಳನ್ನು ಎಡಬಲಕ್ಕೆ ತಳ್ಳುವ ಸರಳ ವ್ಯವಸ್ಥೆ ಅದು. ಫಿಯೆಟ್ 1100 ಮತ್ತು ಪ್ರೀಮಿಯರ್ ಪದ್ಮಿನಿಯಲ್ಲಿ ಇರುವುದು ವರ್ಮ್ ಬಗೆಯ ಸ್ಟೀರಿಂಗ್ ಬಾಕ್ಸ್. ಅಲ್ಲಿ ಡ್ರಾಪ್ ಆರ್ಮ್, ಐಡ್ಲರ್ ಆರ್ಮ್ ಎಂದು ಕೀಲುಗಳು ಹೆಚ್ಚು, ‘ಪ್ಲೇ’ ಬರುವ ಜಾಗಗಳೂ ಹೆಚ್ಚು. ಪದ್ಮಿನಿ ಕಡಿಮೆ ತೂಕದ ಕಾರು, ಅದಕ್ಕೆ ಪವರ್ ಸ್ಟೀರಿಂಗ್ ನಿಜಕ್ಕೂ ಬೇಕೇ ಎಂದು ಎರಡು ಸಲ ಯೋಚಿಸಬಹುದು. ಡೀಸೆಲ್ ಅಂಬಾಸಿಡರ್ ವಿಷಯದಲ್ಲಿ ಆ ಅನುಮಾನ ಬೇಡ.

ಪವರ್ ಸ್ಟೀರಿಂಗ್ ಹೊಸದೇನೂ ಅಲ್ಲ. ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್ 1926ರಲ್ಲೇ ಎಣ್ಣೆಯ ಒತ್ತಡದಿಂದ ಕಾರು ತಿರುಗಿಸಿ ತೋರಿಸಿದ್ದ. ಮಾರಾಟದ ಕಾರಿನಲ್ಲಿ ಅದು ಬಂದದ್ದು 1951ರ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಎಂಜಿನ್ನಿನ ಬೆಲ್ಟು ಒಂದು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಒತ್ತುತ್ತದೆ. ಚಾಲಕ ಸ್ಟೀರಿಂಗ್ ತಿರುವಿದಾಗ ಒಳಗಿನ ವಾಲ್ವ್ ತೆರೆದು ಎಣ್ಣೆ ಆ ದಿಕ್ಕಿಗೆ ನುಗ್ಗುತ್ತದೆ. ಎಣ್ಣೆಯ ಬದಲು ವಿದ್ಯುತ್ ಮೋಟಾರು ಈ ಕೆಲಸ ವಹಿಸಿಕೊಂಡದ್ದು 1988ರಲ್ಲಿ, ಜಪಾನಿನ ಸುಜುಕಿ ಸರ್ವೊ ಎಂಬ ಪುಟ್ಟ ಕಾರಿನಲ್ಲಿ. ಹಳೇ ಕಾರಿನವರ ಮುಂದಿರುವ ದಾರಿಗಳೂ ಇವೆರಡೇ.

ಎಣ್ಣೆಯ ದಾರಿ ಹಿಡಿಯುವವರಿಗೆ ಒಂದು ಅನುಕೂಲವಿದೆ. ಇಸುಜು ಎಂಜಿನ್ನಿನ ಅಂಬಾಸಿಡರ್‌ಗಳಲ್ಲಿ ಕೆಲವು ಕಾರ್ಖಾನೆಯಿಂದಲೇ ಪವರ್ ಸ್ಟೀರಿಂಗ್ ಹೊತ್ತು ಬರುತ್ತಿದ್ದವು. ಅಂಬಾಸಿಡರ್ ತಯಾರಾಗುತ್ತಿದ್ದ ಉತ್ತರಪಾರಾದ ಕಾರ್ಖಾನೆ ನಿಂತದ್ದು 2014ರ ಮೇ ತಿಂಗಳಲ್ಲಿ. ಅಂಥ ಕಾರೊಂದು ಗುಜರಿಗೆ ಬಂದರೆ ರ್‍ಯಾಕ್, ಪಂಪು, ಹೋಸುಗಳು ಒಟ್ಟಿಗೇ ಸಿಗುತ್ತವೆ. ಹೊಸೂರು ಕಡೆಯವರು ಇದಕ್ಕೆಲ್ಲ ಬೆಂಗಳೂರಿನ ಶಿವಾಜಿನಗರದ ಗುಜರಿ, ಜೆ.ಸಿ. ರಸ್ತೆಯ ಅಂಗಡಿಗಳನ್ನು ಹುಡುಕುವುದೇ ವಾಡಿಕೆ. ಆದರೆ ಹಳೆಯ 1489 ಸಿಸಿ ಎಂಜಿನ್ನಿಗೆ ಪಂಪು ಕೂರಿಸಲು ಬ್ರಾಕೆಟ್ ಹೊಸದಾಗಿ ಮಾಡಬೇಕು, ಕ್ರ್ಯಾಂಕ್ ಪುಲ್ಲಿಗೆ ಇನ್ನೊಂದು ಬೆಲ್ಟಿನ ಜಾಗ ಬೇಕು. ಪೂರ್ತಿ ತಿರುವಿ ಹಿಡಿದರೆ ಪಂಪಿನ ಭಾರಕ್ಕೆ ಐಡ್ಲಿಂಗ್ ಕುಗ್ಗುತ್ತದೆ. ಆಮೇಲೆ ಸೋರಿಕೆ. ಹಳೇ ಸೀಲು, ಹಳೇ ಹೋಸು ಸೇರಿದಲ್ಲಿ ಎಣ್ಣೆ ನೆಲ ಕಾಣದೆ ಇರುವುದು ಅಪರೂಪ.

ಹಾಗಾಗಿ ಒಲವು ಈಗ ಮೋಟಾರಿನ ಕಡೆಗೆ. ಆಲ್ಟೊ, ವ್ಯಾಗನ್‌ಆರ್‌ನಂಥ ಮಾರುತಿ ಕಾರುಗಳಲ್ಲಿ ಮೋಟಾರು ಇರುವುದು ಡ್ಯಾಶ್‌ಬೋರ್ಡಿನ ಅಡಿಯ ಸ್ಟೀರಿಂಗ್ ಕಾಲಂನಲ್ಲೇ. ಬಾನೆಟ್ಟಿನೊಳಗೆ ಪಂಪು, ಹೋಸುಗಳ ಗೋಜಿಲ್ಲದೆ, ಆ ಕಾಲಂನ ಭಾಗವನ್ನು ಹಳೇ ಕಾಲಂನ ಜಾಗಕ್ಕೆ ತಂದು, ಹಳೇ ರ್‍ಯಾಕಿಗೆ ಜೋಡಿಸುವುದು ಉಪಾಯ. ಶಾಫ್ಟಿನ ನಡುವೆ ಇರುವ ಸಣ್ಣ ಸರಳು ಕೈಯ ಬಲಕ್ಕೆ ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಸೆನ್ಸರ್ ಅದನ್ನು ಅಳೆದು, ಕಂಟ್ರೋಲ್ ಯೂನಿಟ್ ಮೋಟಾರಿಗೆ ಕರೆಂಟು ಬಿಡುತ್ತದೆ.

ಹೇಳಿದಷ್ಟು ಸುಲಭವಲ್ಲ. ಅಂಬಾಸಿಡರ್, ಪದ್ಮಿನಿ ಎರಡರಲ್ಲೂ ಬಹುಕಾಲ ಗೇರ್ ಕಡ್ಡಿ ಇದ್ದದ್ದು ಸ್ಟೀರಿಂಗ್ ಕೆಳಗೆ, ಕಾಲಂಗೆ ಅಂಟಿಕೊಂಡು. ಗೇರಿನ ಸರಳು ಕಾಲಂ ಪಕ್ಕದಲ್ಲೇ ಇಳಿಯುತ್ತದೆ. ಮೋಟಾರಿನ ಉಬ್ಬು ಕೂರಬೇಕಾದ್ದೂ ಅಲ್ಲೇ. ಫ್ಲೋರ್ ಗೇರಿನ ಕಾರಾದರೆ ಈ ಜಗಳವಿಲ್ಲ. ಹ್ಯಾಂಡ್ ಗೇರ್ ಕಾರನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂದರೆ ಮೋಟಾರನ್ನು ಕೆಳಕ್ಕೆ ಸರಿಸಿ ಬ್ರಾಕೆಟ್ ಕಟ್ಟಬೇಕು, ಇಲ್ಲವೇ ಆಸೆ ಬಿಡಬೇಕು. ಗೇರನ್ನು ನೆಲಕ್ಕೆ ತಂದು ಕಾರಿನ ಲಕ್ಷಣವನ್ನೇ ಕೆಡಿಸುವುದು ದುಬಾರಿ ಅವಿವೇಕ.

ಜೀವಕ್ಕೆ ಸಂಬಂಧಿಸಿದ ಭಾಗ ಶಾಫ್ಟಿನ ಜೋಡಣೆ. ಎರಡು ಸರಳುಗಳ ತುದಿ ತಾಗಿಸಿ ವೆಲ್ಡಿಂಗ್ ಎಳೆದು ಮುಗಿಸುವ ಕೆಲಸವನ್ನು ಯಾವ ಕಾರಣಕ್ಕೂ ಒಪ್ಪಬಾರದು. ಒಂದು ಬದಿಗೆ ಮಾರುತಿಯ ಸ್ಪ್ಲೈನ್, ಇನ್ನೊಂದು ಬದಿಗೆ ಅಂಬಾಸಿಡರ್‌ನದು ಹೊಂದುವಂತೆ ಉಕ್ಕಿನ ಕಪ್ಲಿಂಗ್ ಕಡೆಸಿ, ಬೋಲ್ಟು ಶಾಫ್ಟಿನ ಕಚ್ಚಿನಲ್ಲಿ ಕೂತು ಲಾಕ್ ಆಗುವಂತೆ ಮಾಡಬೇಕು. ಸಿಪ್ಕಾಟ್ ಕೈಗಾರಿಕಾ ಪ್ರದೇಶವೂ 1980ರಿಂದ ಅಶೋಕ್ ಲೇಲ್ಯಾಂಡ್ ಕಾರ್ಖಾನೆಯೂ ಇರುವ ಹೊಸೂರಿನಲ್ಲಿ ಇಂಥ ಲೇತ್ ಕೆಲಸ ಬಲ್ಲ ಕೈಗಳಿಗೆ ಬರವಿಲ್ಲ. ಎರಡು ಯೂನಿವರ್ಸಲ್ ಜಾಯಿಂಟ್ ಬಂದರೆ ಅವುಗಳ ಕವಲುಗಳು ಒಂದೇ ನೇರದಲ್ಲಿರಬೇಕು. ತಪ್ಪಿದರೆ ಸ್ಟೀರಿಂಗ್ ಒಂದು ಸುತ್ತಿನಲ್ಲೇ ಒಮ್ಮೆ ಬಿಗಿ, ಒಮ್ಮೆ ಸಡಿಲ ಎನಿಸುತ್ತದೆ. ಮೋಟಾರಿನ ಬಲವೆಲ್ಲ ಹಳೇ ಪಿನಿಯನ್ನಿನ ಹಲ್ಲುಗಳ ಮೂಲಕವೇ ಹಾಯಬೇಕಾದ್ದರಿಂದ ಸಹಾಯವನ್ನು ಮಿತಿಯಲ್ಲಿಡುವುದು ಲೇಸು.

ಕರೆಂಟಿನ ಲೆಕ್ಕದಲ್ಲಿ ಹಳೇ ಕಾರು ಬಡವ. ನಿಂತಲ್ಲಿ ತಿರುಗಿಸುವಾಗ ಮೋಟಾರು ಮೂವತ್ತು ಆಂಪಿಯರಿಗೂ ಹೆಚ್ಚು ಎಳೆಯಬಲ್ಲದು. ಲ್ಯೂಕಾಸ್ ಸಿ40 ಡೈನಮೊ ಪೂರ್ತಿ ವೇಗದಲ್ಲಿ ಕೊಡುವುದು 22 ಆಂಪಿಯರ್. ಐಡ್ಲಿಂಗ್‌ನಲ್ಲಿ ಅದರ ಕೊಡುಗೆ ಇಲ್ಲವೆನ್ನುವಷ್ಟು. ಆದ್ದರಿಂದ ಆಲ್ಟರ್ನೇಟರ್ ಬೇಕು, ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು, ತನ್ನದೇ ಫ್ಯೂಸು ಬೇಕು. ಆ ಕಾಲದ ಕೆಲ ಬ್ರಿಟಿಷ್ ಕಾರುಗಳಂತೆ ಪಾಸಿಟಿವ್ ಅರ್ತ್ ಇದ್ದರೆ ಮೊದಲು ಅದನ್ನು ಬದಲಿಸಬೇಕು. ಹೊಸ ಕಾರಿನ ಕಂಟ್ರೋಲ್ ಯೂನಿಟ್ಟಿಗೆ ಎಂಜಿನ್ ಓಡುತ್ತಿದೆಯೇ, ವೇಗ ಎಷ್ಟು ಎಂಬ ಸುದ್ದಿ ತಲುಪುತ್ತಿರಬೇಕು. ಹಳೇ ಕಾರಿನಲ್ಲಿ ಹೇಳುವವರಿಲ್ಲ. ಸುದ್ದಿ ಬಾರದಿದ್ದರೆ ಕೆಲವು ಯೂನಿಟ್‌ಗಳು ನಡುಮಟ್ಟದ ಸಹಾಯಕ್ಕೆ ನಿಲ್ಲುತ್ತವೆ, ಕೆಲವು ಕೆಲಸವನ್ನೇ ನಿಲ್ಲಿಸುತ್ತವೆ. ಕೊಳ್ಳುವ ಮೊದಲೇ ಇದನ್ನು ತಿಳಿದುಕೊಳ್ಳಬೇಕು.

ಜೋಡಿಸಿದ ಮೇಲಿನ ಮೊದಲ ಪರೀಕ್ಷೆ ರಸ್ತೆಯಲ್ಲಿ ಬೇಡ. ಮುಂಭಾಗವನ್ನು ಜಾಕಿ ಕೊಟ್ಟು ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ ಕೈ ಬಿಡಬೇಕು. ಸ್ಟೀರಿಂಗ್ ತಾನಾಗಿ ಒಂದು ಕಡೆಗೆ ಸರಿದರೆ ಸೆನ್ಸರಿನ ಮಧ್ಯಬಿಂದು ತಪ್ಪಿದೆ ಎಂದರ್ಥ. ಅದು ಸರಿಯಾಗುವ ತನಕ ಕಾರು ಶೆಡ್ ಬಿಡಬಾರದು. ಅನಂತರ ಎರಡೂ ಕೊನೆಯವರೆಗೆ ತಿರುವಿ ವೈರು, ಪೆಡಲು, ಬ್ರಾಕೆಟ್ ಎಲ್ಲೂ ತಾಗುವುದಿಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಬಯಲಲ್ಲಿ ನಿಧಾನವಾಗಿ ಓಡಿಸುತ್ತ ಫ್ಯೂಸ್ ಕಿತ್ತು ನೋಡುವುದೂ ಅಗತ್ಯ: ಸಹಾಯ ನಿಂತರೂ ಗಾಲಿಗೂ ಕೈಗೂ ಇರುವ ಸಂಬಂಧ ಕಡಿಯುವುದಿಲ್ಲ, ಸ್ಟೀರಿಂಗ್ ಭಾರವಾಗುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ನೆಟ್ಟಗೆ ಮರಳಲು ಸೋಮಾರಿಯಾದರೆ ಮೋಟಾರಿನ ಘರ್ಷಣೆ ಕಾರಣ. ಸಾಧ್ಯವಿರುವ ಕಾರುಗಳಲ್ಲಿ ಕ್ಯಾಸ್ಟರ್ ಕೋನವನ್ನು ತುಸು ಹೆಚ್ಚಿಸಿದರೆ ಅದು ಸುಧಾರಿಸುತ್ತದೆ.

ಕಾನೂನಿನ ಕಡೆಗೂ ಒಂದು ಕಣ್ಣಿರಬೇಕು. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಆರ್‌ಸಿಯಲ್ಲಿ ಸ್ಟೀರಿಂಗ್ ಯಾವ ಬಗೆ ಎಂದು ಬರೆಯುವುದಿಲ್ಲ ನಿಜ. ಆದರೂ ಕೆಲಸಕ್ಕೆ ಕೈ ಹಚ್ಚುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಬರಹದಲ್ಲಿ ತಿಳಿಸುವುದು ಕ್ಷೇಮ. 2021ರ ನಿಯಮದಂತೆ ‘ವಿಂಟೇಜ್’ ನೋಂದಣಿ ಬಯಸುವವರು ಇನ್ನೂ ಎಚ್ಚರದಿಂದಿರಬೇಕು: ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲರೂಪದಲ್ಲೇ ಉಳಿದ ವಾಹನಕ್ಕೆ ಮಾತ್ರ ಆ ಮನ್ನಣೆ. ಬಾಡಿ, ಷಾಸಿ ಕೊರೆಯದೆ, ಇರುವ ತೂತುಗಳಿಗೇ ಬ್ರಾಕೆಟ್ ಹೊಂದಿಸಿ, ಬಿಚ್ಚಿದ ಕಾಲಂಗೆ ಎಣ್ಣೆ ಸವರಿ ಎತ್ತಿಟ್ಟರೆ ಕಾರನ್ನು ಮತ್ತೆ ಮೊದಲಿನಂತೆ ಮಾಡಲು ಒಂದು ದಿನದ ಕೆಲಸ.