ಅಧಿಕ ಸೆಕೆಂಡು

ಚಾಂದ್ರಮಾನ ವರ್ಷವು ಸೌರಮಾನ ವರ್ಷಕ್ಕಿಂತ ಸುಮಾರು 11 ದಿನಗಳಷ್ಟು ಚಿಕ್ಕದು. ಹಬ್ಬಗಳು ಋತುಗಳಿಂದ ದೂರ ಸರಿಯಬಾರದೆಂದು ಪಂಚಾಂಗದಲ್ಲಿ ಆಗಾಗ ಅಧಿಕಮಾಸವೊಂದು ಸೇರುತ್ತದೆ. ಇಂತಹುದೇ ಹೊಂದಾಣಿಕೆ ಆಧುನಿಕ ಕಾಲಗಣನೆಯಲ್ಲಿಯೂ ಉಂಟು. ಅಲ್ಲಿ ಸೇರುವುದು ಮಾಸವಲ್ಲ. ಕೇವಲ ಒಂದು ಸೆಕೆಂಡು.

ಬಹುಕಾಲದವರೆಗೆ ಭೂಮಿಯೇ ಮಾನವನ ಗಡಿಯಾರವಾಗಿತ್ತು. ದಿನದ 86,400 ಭಾಗಗಳಲ್ಲಿ ಒಂದು ಭಾಗವೇ ಸೆಕೆಂಡು ಎನಿಸಿತ್ತು. ಆದರೆ ಭೂಮಿಯು ಸಮವೇಗದಿಂದ ತಿರುಗುವುದಿಲ್ಲ. ಚಂದ್ರನ ಆಕರ್ಷಣೆಯಿಂದ ಉಂಟಾಗುವ ಉಬ್ಬರವಿಳಿತಗಳು ಅದರ ವೇಗವನ್ನು ಶತಮಾನಗಳ ಅವಧಿಯಲ್ಲಿ ಕುಂದಿಸುತ್ತವೆ. ಭೂಗರ್ಭದ ಚಲನೆಗಳು ಒಮ್ಮೊಮ್ಮೆ ಅದನ್ನು ಹೆಚ್ಚಿಸುವುದೂ ಉಂಟು. ಆದುದರಿಂದ 1967ರಲ್ಲಿ ವಿಜ್ಞಾನಿಗಳು ಪರಮಾಣುವನ್ನು ಆಶ್ರಯಿಸಿದರು. ಸೀಸಿಯಂ ಪರಮಾಣುವಿನ ಒಂದು ನಿರ್ದಿಷ್ಟ ವಿಕಿರಣವು 919,26,31,770 ಬಾರಿ ಕಂಪಿಸಲು ಬೇಕಾಗುವ ಕಾಲವೇ ಒಂದು ಸೆಕೆಂಡು ಎಂದು ನಿಶ್ಚಯಿಸಲಾಯಿತು.

ಹೀಗೆ ಲೋಕಕ್ಕೆ ಎರಡು ಗಡಿಯಾರಗಳಾದವು. ಅವುಗಳ ಅಂತರವು 0.9 ಸೆಕೆಂಡನ್ನು ಮೀರದಂತೆ 1972ರಿಂದ ಅಧಿಕ ಸೆಕೆಂಡನ್ನು ಸೇರಿಸುವ ಪದ್ಧತಿ ಜಾರಿಗೆ ಬಂದಿತು. 2016ರ ಅಂತ್ಯದವರೆಗೆ 27 ಬಾರಿ ಹೀಗೆ ಸೇರಿಸಲಾಯಿತು. ಆ ಕೊನೆಯ ಸೇರ್ಪಡೆಯ ಕಾಲಕ್ಕೆ ಭಾರತದಲ್ಲಿ 2017ರ ಜನವರಿ 1ರ ಬೆಳಗಾಗುತ್ತಿತ್ತು. ಅಂದು 5 ಗಂಟೆ 29ನೆಯ ನಿಮಿಷದಲ್ಲಿ 60ಕ್ಕೆ ಬದಲಾಗಿ 61 ಸೆಕೆಂಡುಗಳಿದ್ದವು.

ಮನುಷ್ಯನು ಈ ಸೆಕೆಂಡನ್ನು ಗಮನಿಸಲಾರ. ಗಣಕಯಂತ್ರದ ಸ್ಥಿತಿ ಬೇರೆ. ಅನೇಕ ಗಣಕಗಳು 1970ರ ಜನವರಿ 1ರಿಂದ ಕಾಲವನ್ನು ಎಣಿಸುತ್ತವೆ. ಪ್ರತಿ ದಿನಕ್ಕೂ ತಪ್ಪದೆ 86,400 ಸೆಕೆಂಡುಗಳೆಂದೇ ಭಾವಿಸುತ್ತವೆ. 61ನೆಯ ಸೆಕೆಂಡಿಗೆ ಆ ಎಣಿಕೆಯಲ್ಲಿ ಸ್ಥಾನವಿಲ್ಲ. ಆಗ ಒಂದೇ ಸೆಕೆಂಡು ಎರಡು ಬಾರಿ ಎಣಿಕೆಗೆ ಬರುತ್ತದೆ. ಹಣವು ಮೊದಲು ಜಮೆಯಾಯಿತೇ, ಮೊದಲು ಖರ್ಚಾಯಿತೇ ಎಂಬ ಸರಳ ಪ್ರಶ್ನೆಗೂ ಆ ಕ್ಷಣದಲ್ಲಿ ತಪ್ಪು ಉತ್ತರ ದೊರೆಯಬಹುದು. 2012ರ ಜೂನ್ 30ರಂದು ಅಧಿಕ ಸೆಕೆಂಡು ಸೇರಿದಾಗ, ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಅಡಗಿದ್ದ ದೋಷವೊಂದು ಹೊರಬಿದ್ದಿತು. ಕಾಯುತ್ತಿರಬೇಕಾದ ಕಾರ್ಯಗಳು ಕೂಡಲೇ ಎಚ್ಚರಗೊಂಡು ಗಣಕಗಳನ್ನು ವ್ಯರ್ಥವಾಗಿ ದುಡಿಸಿದವು. ಹಲವು ಜಾಲತಾಣಗಳು ಸ್ತಬ್ಧವಾದವು. ಆಸ್ಟ್ರೇಲಿಯದಲ್ಲಿ ವಿಮಾನ ಪ್ರಯಾಣಿಕರು ಸಾಲುಗಳಲ್ಲಿ ಕಾದು ನಿಲ್ಲಬೇಕಾಯಿತು.

ಇದಕ್ಕೆ ತಂತ್ರಜ್ಞರು ಒಂದು ಉಪಾಯವನ್ನು ಕಂಡುಕೊಂಡರು. ಹೆಚ್ಚುವರಿ ಸೆಕೆಂಡನ್ನು ಒಮ್ಮೆಲೇ ಸೇರಿಸದೆ, 24 ಗಂಟೆಗಳ ಉದ್ದಕ್ಕೂ ಪ್ರತಿ ಸೆಕೆಂಡನ್ನೂ ಅತ್ಯಲ್ಪವಾಗಿ ಹಿಗ್ಗಿಸುವುದೇ ಆ ಉಪಾಯ. ಆದರೆ ಕೆಲವರು ಹಿಗ್ಗಿಸಿ, ಕೆಲವರು ಹಿಗ್ಗಿಸದೆ ಇದ್ದರೆ ಅವರ ಗಡಿಯಾರಗಳು ಆ ದಿನ ಒಂದಕ್ಕೊಂದು ಹೊಂದುವುದಿಲ್ಲ. ಕಡೆಗೆ 2022ರಲ್ಲಿ, ತೂಕ ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನವು 2035ರೊಳಗೆ ಅಂತರದ ಮಿತಿಯನ್ನೇ ಹಿಗ್ಗಿಸಲು ನಿರ್ಣಯಿಸಿತು.

ಭೂಮಿಯು ತನ್ನ ಗತಿಯಲ್ಲಿ ತಿರುಗುತ್ತದೆ; ಪರಮಾಣುವು ತನ್ನ ಗತಿಯಲ್ಲಿ ಕಂಪಿಸುತ್ತದೆ. ಈಗ ಗಂಟೆ ಎಷ್ಟೆಂಬುದನ್ನು ಮಾತ್ರ ಮನುಷ್ಯರು ಕೂಡಿ ಒಪ್ಪಿಕೊಳ್ಳಬೇಕು. ಆ ಒಪ್ಪಂದದಲ್ಲಿ ಒಂದು ಸೆಕೆಂಡೂ ಅಲ್ಪವಲ್ಲ.